ಪ್ಯಾಸೆಂಜರ್ ಗಾಡಿ ಟೈಮಿಗೆ ಹೋದ ದಿನ

ಹೋದ ವಾರ ಸೋಮವಾರ ವಾಡಿ ಜಂಕ್ಷನ್ನಿನಲ್ಲಿ ಭಾರೀ ಅನಾಹುತ ಆಯಿತು. ಎರಡೂ ಕಾಲಿಗೆ ಹೊರಡಬೇಕಾದ ಪ್ಯಾಸೆಂಜರ್ ಗಾಡಿ ಎರಡೂ ಕಾಲಿಗೇ ಹೊರಟುಬಿಟ್ಟಿತು!

ನಗಬೇಡ್ರಿ. ಗಾಡಿ ಲೇಟಾದರೆ ಬೈಯುವುದು ಎಲ್ಲ ಊರಿನ ಪದ್ಧತಿ. ಟೈಮಿಗೆ ಸರಿಯಾಗಿ ಹೋಯಿತು ಅಂತ ಜನ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬಾಯಿಗೆ ಬಂದಂಗೆ ಬೈದದ್ದು ನಮ್ಮೂರಲ್ಲಿ ಮಾತ್ರ ಇರಬೇಕು. ನಮ್ಮ ಸಿಮೆಂಟ್ ಫ್ಯಾಕ್ಟರಿಯ ಮೊದಲ ಪಾಳಿ ಮುಗಿಸಿ ಚಿತ್ತಾಪುರ, ಸೇಡಂ ಕಡೆ ಹೋಗುವ ಮಂದಿಯೆಲ್ಲ ಖಾಲಿ ಬುತ್ತಿ ಹಿಡಿದು, ದೂರ ಹೋಗುತ್ತಿದ್ದ ಗಾರ್ಡಿನ ಡಬ್ಬಿ ನೋಡುತ್ತ ನಿಂತಿದ್ದರು. ಮುಂದಿನ ಗಾಡಿ ಸಂಜೆಗೆ. ಅಲ್ಲಿಯತನಕ ವಾಡಿಯ ಬಿಸಿಲಲ್ಲಿ ಕುಂದ್ರುವುದು ಎಂದರೇನು ಅಂತ ನಿಮಗೆ ನಾನು ಹೇಳಬೇಕೆ?

ತಪ್ಪು ಯಾರದು? ರೈಲ್ವೆಯವರದಾ? ಜೋರಾಗಿ ಓಡಿಸಿದ ಡ್ರೈವರನದಾ?

ನನ್ನದು. ಪೂರಾ ನನ್ನದು.

ಈ ಅಂಕಣ ಓದುವವರಿಗೆ ಗೊತ್ತೇ ಇದೆ, ನಾನು ಫ್ಯಾಕ್ಟರಿಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವಾಕೆ. (ಇಡೀ ಫ್ಯಾಕ್ಟರಿಗೆ ಇರುವುದು ಒಂದೇ ಕಂಪ್ಯೂಟರ್. ಆಫೀಸಿನಲ್ಲಿರುವ ಹೆಂಗಸೂ ಒಬ್ಬಳೇ. ಹಾಗಾಗಿ ಇಬ್ಬರನ್ನೂ ಜನ ಒಂದೇ ಥರ ನೋಡುತ್ತಾರೆ: ಬಾಗಿಲಲ್ಲಿ ನಿಂತು, ಬಾಯಿ ತೆರೆದು.) ನಮ್ಮ ಮನೆಯವರು ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕು. ಅಂದರೆ ಒಂದೇ ಮನೆಯಲ್ಲಿ ಎರಡು ಗಡಿಯಾರ. ಎರಡಕ್ಕೂ ಭಾಳ ಸೊಕ್ಕು.

ನಮ್ಮ ಊರಿನ ಜನ ಕೈಗಡಿಯಾರ ನೋಡಿ ಬದುಕುವವರಲ್ಲ. ಫ್ಯಾಕ್ಟರಿಯ ಭೋಂಗಾ, ಅಂದರೆ ಸೈರನ್ನು, ಕೇಳಿ ಬದುಕುವವರು. ಭೋಂಗಾ ಊದಿತು, ಒಲೆಯ ಮೇಲೆ ಹಂಚಿಡು. ಭೋಂಗಾ ಊದಿತು, ಅಂಗಡಿಯ ಬಾಗಿಲು ತೆಗಿ. ಇಪ್ಪತ್ತೆರಡು ವರ್ಷ ಆ ಭೋಂಗಾದ ಸರಪಳಿ ಜಗ್ಗಿದವರು ಗೇಟಿನ ಮೌಲಾಸಾಬ್ ಚಾಚಾ. ಶಹಾಬಾದಿನವರು, ತೆಳ್ಳಗೆ, ಬಿಳಿ ಗಡ್ಡ, ಎದೆಯ ಕಿಸೆಯಲ್ಲಿ ಸರಪಳಿ ಗಡಿಯಾರ. ದಿನಾ ಮುಂಜಾನೆ ಗಾಡಿ ಇಳಿದವರೇ ಸ್ಟೇಷನ್ನಿನ ಗೋಡೆ ಗಡಿಯಾರಕ್ಕೆ ತಮ್ಮದನ್ನು ಹೊಂದಿಸಿಕೊಂಡೇ ಡ್ಯೂಟಿಗೆ ಬರುವ ಮನುಷ್ಯ.

ಎರಡು ತಿಂಗಳ ಹಿಂದೆ ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಹೇಳಿದೆ, "ಭೋಂಗಾನ ಕಂಪ್ಯೂಟರಿಗೆ ಜೋಡಿಸೋಣ ಸರ್. ಮನುಷ್ಯ ತಪ್ಪತಾನ. ಕಂಪ್ಯೂಟರ್ ತಪ್ಪಂಗಿಲ್ಲ."

ಮೈಸೂರು ಕಡೆಯ ನಮ್ಮ ಮ್ಯಾನೇಜರಿಗೆ ಖುಷಿಯಾಯಿತು. ಜೋಡಿಸಿದೆವು. ಚಾಚಾ ತಮ್ಮ ಸ್ಟೂಲಿನ ಮೇಲೆ ಸುಮ್ಮನೆ ಕೂತರು. ನಾನೂ ಕೇಳಲಿಲ್ಲ ಬಿಡ್ರಿ, ಆಗ ನನ್ನ ಕಾಲು ನೆಲದ ಮೇಲೆ ಎಲ್ಲಿತ್ತು?

ಕಂಪ್ಯೂಟರಿನ ಗಡಿಯಾರ ದಿನಕ್ಕೆ ಏಳೆಂಟು ಸೆಕೆಂಡು ಹಿಂದೆ ಬೀಳುತ್ತಿತ್ತು. ಏಳೆಂಟು ಸೆಕೆಂಡು ಯಾರಿಗೆ ತಿಳಿಯುತ್ತದೆ? ದಿನ ದಿನಕ್ಕೆ ಭೋಂಗಾ ತಡ. ಭೋಂಗಾ ಕೇಳಿ ಗಡಿಯಾರ ಹೊಂದಿಸುವ ಊರೂ ತಡ. ಚಹಾದಂಗಡಿ ತಡ, ಟೇಲರ್ ತಡ, ಮಕ್ಕಳ ಸಾಲಿ ಗಂಟೆ ತಡ. ಎರಡು ತಿಂಗಳಲ್ಲಿ ಇಡೀ ವಾಡಿ ಆರು ನಿಮಿಷ ಹಿಂದೆ ಸರಿದಿತ್ತು, ಎಲ್ಲರೂ ಕೂಡಿಯೇ ಸರಿದದ್ದರಿಂದ ಒಬ್ಬರಿಗೂ ಗೊತ್ತಾಗಲಿಲ್ಲ! ಎರಡೂ ಕಾಲಿನ ಪ್ಯಾಸೆಂಜರ್ ದಿನಾ ಹತ್ತೋ ಹದಿನೈದೋ ನಿಮಿಷ ಲೇಟಾಗಿ ಬಂದು ನಮ್ಮ ಮಾನ ಕಾಪಾಡುತ್ತಿತ್ತು.

ಗೊತ್ತಾದವರು ಒಬ್ಬರಿದ್ದರು. ನಮ್ಮ ಮನೆಯವರು.

"ಕೇಳಿಲ್ಲಿ, ನಿಮ್ ಭೋಂಗಾ ಲೇಟ್ ಆಗ್ಲಿಕತ್ತದ," ಅಂತ ಒಂದು ದಿನ ಊಟಕ್ಕೆ ಕೂತಾಗ ಅಂದರು.

"ನಿಮ್ ರೈಲ್ವೆದವ್ರ ಬಾಯಾಗ ಲೇಟ್ ಅನ್ನೋ ಮಾತು ಬರಬಾರದ್ರಿ," ಅಂತ ನಾನು ಪುಂಡಿಪಲ್ಯ ಬಡಿಸಿದೆ.

"ನಮಗ ಮ್ಯಾಲಿಂದ ಫೋನಿನಾಗ ಟೈಮ್ ಬರ್ತದ. ಅದು ಪಕ್ಕಾ."

"ಟೈಮ್ ಪಕ್ಕಾ ಬರ್ತದ, ಗಾಡಿ ಯಾಕ ಬರಂಗಿಲ್ಲ?"

ಅವರು ರೊಟ್ಟಿ ಮುರಿದುಕೊಂಡರು. ಬರೀ ನಾನಲ್ಲ, ಊರೇ ಅವರನ್ನು ಆಡಿಕೊಂಡಿತ್ತು. ಚಹಾದಂಗಡಿಯಲ್ಲಿ "ಭೋಂಗಾ ತಪ್ಪು, ನಮ್ಮ ಗಡಿಯಾರ ಖರೇ" ಅಂದದ್ದಕ್ಕೆ ಜನ ಹೊಟ್ಟೆ ಹಿಡಿದು ನಕ್ಕರಂತೆ. ರೈಲ್ವೆಯವರ ಗಡಿಯಾರ ನಂಬುತ್ತಾರೇನ್ರಿ ಯಾರಾದರೂ?

ಕಡೆಗೆ ಆ ಸೋಮವಾರ, ಯಾವ ಪುಣ್ಯಾತ್ಮನ ಡ್ಯೂಟಿಯೋ ಏನೋ, ಗಾಡಿ ಟೈಮಿಗೆ ಬಂತು. ಎರಡಕ್ಕೆ ಊದಬೇಕಾದ ಭೋಂಗಾ ಎರಡೂ ಆರಕ್ಕೆ ಊದಿತು. ಗೇಟಿನಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಅರ್ಧ ತಾಸಿನಲ್ಲಿ ಗಾಡಿ ತಪ್ಪಿದವರೆಲ್ಲ ಕಂಪ್ಯೂಟರ್ ಕೋಣೆಯ ಮುಂದೆ ಬಂದು ನಿಂತರು. "ಅಕ್ಕೋರೆ, ನಿಮ್ ಪೆಟ್ಟಿಗಿಗಿ ಏನಾಗೇದ್ರಿ? ನಿದ್ದಿ ಹೊಡಿಲಿಕತ್ತದೇನು?" ಅಂತ ಒಬ್ಬ. "ನಮ್ ಚಾಚಾನ ಕೈ ಏನ್ ಪಾಪ ಮಾಡಿತ್ರಿ?" ಅಂತ ಇನ್ನೊಬ್ಬ. ನಾನು ತಲೆ ತಗ್ಗಿಸಿ ನಿಂತೆ.

ಮ್ಯಾನೇಜರು ಸಂಜೆ ಕರೆಸಿದರು. ಕೂಗಾಡುವ ಮನುಷ್ಯ ಅಲ್ಲ. ಅದೇ ಭಯ.

"ನೋಡಿ, ನಾಳೆಯಿಂದ ಮೌಲಾಸಾಬ್ ಅವರೇ ಸೈರನ್ ಎಳೀತಾರೆ. ನಿಮಗೆ ಶನಿವಾರ ಎರಡು ಗಂಟೆವರೆಗೂ ಟೈಮ್. ಅಷ್ಟರೊಳಗೆ ಸರಿ ಮಾಡಿ ತೋರಿಸಿದರೆ ಸರಿ. ಇಲ್ಲದಿದ್ದರೆ ಈ ಕಂಪ್ಯೂಟರ್ ನಮಗೆ ಬೇಡ. ಅದು ಗೋಡೌನಿಗೆ, ನೀವು ವಾಪಸ್ ಟೈಪಿಂಗ್ ಸೆಕ್ಷನ್ನಿಗೆ."

ಟೈಪಿಂಗ್ ಸೆಕ್ಷನ್! ಚಿಂಚೋಳಿಯಿಂದ ಬಂದ ಹುಡುಗಿ ನಾನು, ಮೊದಮೊದಲು ಅಲ್ಲಿ ಕೂತು "ವಿತ್ ರೆಫರೆನ್ಸ್ ಟು ಯುವರ್ ಲೆಟರ್" ಹೊಡೆದು ಹೊಡೆದು ಬೆರಳು ಸವೆಸಿದವಳು. ಕಂಪ್ಯೂಟರ್ ಬಂದಾಗ ಯಾರೂ ಮುಟ್ಟಲು ಮುಂದೆ ಬರಲಿಲ್ಲ, ನಾನು ಬಂದೆ. ಇಟ್ಟಂಗಿ ದಪ್ಪದ ಮ್ಯಾನ್ಯುಯಲ್ ಓದಿ ಓದಿ ನಾಲ್ಕು ವರ್ಷದಲ್ಲಿ ಕಲಿತೆ. ಅದು ನನ್ನ ಕೂಸು ನೋಡ್ರಿ. ಅದನ್ನು ಸಿಮೆಂಟ್ ಚೀಲದ ಜೊತೆ ಗೋಡೌನಿಗೆ ಹಾಕುತ್ತಾರೆ ಅಂದಾಗ ಕಣ್ಣಲ್ಲಿ ನೀರು ಬಂತು. ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ.

ಈಗ ಸ್ವಲ್ಪ ಪಾಠ. (ಎರಡೇ ನಿಮಿಷ. ಪುಟ ತಿರುವಬೇಡ್ರಿ.)

ಕಂಪ್ಯೂಟರಿನೊಳಗೆ ಒಂದು ಸಣ್ಣ ಹರಳು ಇರುತ್ತದೆ. ಅದರ ಮಿಡಿತ ಎಣಿಸುತ್ತ ಕೂತ ಒಂದು ಚಿಪ್ಪು ಸೆಕೆಂಡಿಗೆ ನೂರು ಸಲ ಕಂಪ್ಯೂಟರಿನ ಭುಜ ತಟ್ಟುತ್ತದೆ. ಇದಕ್ಕೆ ಇಂಟರಪ್ಟ್ ಅಂತ ಹೆಸರು. ತಟ್ಟಿದ ಕೂಡಲೇ ಕಂಪ್ಯೂಟರು ಕೈಯಲ್ಲಿದ್ದ ಕೆಲಸ ಬಿಟ್ಟು, "ಹೌದಪ್ಪ, ಕೇಳಿಸಿತು" ಅಂತ ಒಂದು ಸೇರಿಸಿ ಎಣಿಸಿ, ತಿರುಗಿ ತನ್ನ ಕೆಲಸಕ್ಕೆ ಹೋಗಬೇಕು. ಹೀಗೆ ನೂರು ಎಣಿಸಿದರೆ ಒಂದು ಸೆಕೆಂಡು. ಈ ತಟ್ಟುವಿಕೆಗೆ ಜವಾಬು ಕೊಡುವ ಪ್ರೋಗ್ರಾಮಿಗೆ ಡ್ರೈವರ್ ಅಂತಾರೆ. ("ಪೆಟ್ಟಿಗಿಯೊಳಗ ಡ್ರೈವರ್ ಹೆಂಗ ಕುಂತಾನವಾ?" ಅಂತ ನಮ್ಮ ಅತ್ತೆಯವರು ಇವತ್ತಿಗೂ ಕೇಳುತ್ತಾರೆ.)

ನೀವು ರೊಟ್ಟಿ ಬಡಿಯುತ್ತಿದ್ದೀರಿ ಅಂತ ತಿಳಕೊಳ್ಳಿ. ಹಾಲಿನವನು ಬಾಗಿಲು ಬಡಿದ. ಎದ್ದು ಹೋಗಿ ಹಾಲು ಹಾಕಿಸಿಕೊಂಡು ಬಂದರೆ ರೊಟ್ಟಿ ಉಳಿಯಿತು. ಬಾಗಿಲಲ್ಲೇ ನಿಂತು ಅವನ ಎಮ್ಮೆಯ ಆರೋಗ್ಯ, ಅವನ ಮಗಳ ಮದುವೆ, ಎಲ್ಲ ವಿಚಾರಿಸಿದಿರೋ, ರೊಟ್ಟಿ ಸುಟ್ಟಿತು. ಅಷ್ಟೇ ಅಲ್ಲ, ಹಿಂದಿನ ಬಾಗಿಲಿಗೆ ಪೋಸ್ಟಿನವನು ಬಂದು ಬಡಿದು ಹೋದದ್ದೂ ಕೇಳಿಸಲಿಲ್ಲ. ಕಂಪ್ಯೂಟರಿನ ಕಥೆಯೂ ಇಷ್ಟೇ. ಒಂದು ತಟ್ಟುವಿಕೆಗೆ ಭಾಳ ಹೊತ್ತು ಹಿಡಿದರೆ, ಮುಂದಿನವು ಕಳೆದೇ ಹೋಗುತ್ತವೆ. ಕಳೆದದ್ದು ಎಣಿಕೆಗೆ ಸಿಗುವುದಿಲ್ಲ. ಗಡಿಯಾರ ಹಿಂದೆ ಬೀಳುತ್ತದೆ.

ಪಾಠ ಮುಗಿಯಿತು. ಆದರೆ ಆ ಸೋಮವಾರ ನನಗೇ ಇದು ಹೊಳೆದಿರಲಿಲ್ಲ ಅನ್ನುವುದು ನಾಚಿಕೆಗೇಡು. ನಾನು ಹರಳಿನ ಮೇಲೆ ಗುಮಾನಿ ಪಟ್ಟೆ. ಸಿಮೆಂಟ್ ಧೂಳು ಕೂತಿರಬೇಕು ಅಂತ ಮಂಗಳವಾರ ಇಡೀ ದಿನ ಪೆಟ್ಟಿಗೆ ಬಿಚ್ಚಿ ಬ್ರಶ್ಶಿನಲ್ಲಿ ಕೆರೆದೆ. ಬುಧವಾರ, ಹೊಸ ಹರಳು ತರಿಸಬೇಕು ಅಂತ ಪತ್ರ ಬರೆಯಲು ಕೂತೆ. ಅದು ಬರಲು ಒಂದು ತಿಂಗಳು. ನನಗಿದ್ದದ್ದು ಮೂರು ದಿನ.

ಪತ್ರ ಅರ್ಧಕ್ಕೆ ಬಿಟ್ಟು ಎದ್ದು ಗೇಟಿಗೆ ಹೋದೆ. ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದ ಮನುಷ್ಯ, ಒಂದು ಮಾತು ಕೇಳಿಯೇಬಿಡೋಣ ಅಂತ. ಯಾರ ಕೈಯಿಂದ ಸರಪಳಿ ಕಸಿದುಕೊಂಡಿದ್ದೆನೋ ಅವರ ಮುಂದೆ ಹೋಗಿ ನಿಲ್ಲಬೇಕಲ್ಲ?

ಎರಡಕ್ಕೆ ಐದು ನಿಮಿಷ ಇತ್ತು. ಚಾಚಾ ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈ ಸರಪಳಿಯ ಹತ್ತಿರ ಇಟ್ಟು ಕೂತಿದ್ದರು.

"ಚಾಚಾ, ಜರಾ ಮಾತಾಡೋದಿತ್ರಿ," ಅಂದೆ.

ಉತ್ತರ ಇಲ್ಲ. ಮುಖ ಎತ್ತಿ ನೋಡಲೂ ಇಲ್ಲ. ಬದಿಯಲ್ಲಿದ್ದ ಒಂದು ತಗಡಿನ ಡಬ್ಬಿಯೊಳಗೆ ಒಂದು ಹಳ್ಳು, ಸಣ್ಣ ಕಲ್ಲು, ಟಣ್ ಅಂತ ಹಾಕಿದರು. ನನಗೆ ಸಿಟ್ಟು ನೆತ್ತಿಗೇರಿತು. (ನನ್ನ ಸಿಟ್ಟು ನಿಮಗೆ ಹೊಸದೇನಲ್ಲ.) ಅಷ್ಟರಲ್ಲಿ ಒಬ್ಬ ಫಿಟ್ಟರ್ ಓಡುತ್ತ ಹೋಗುವಾಗ, "ಚಾಚಾ, ಸೈಕಲ್ ಕೀಲಿ ಹಾಕಿಲ್ಲ, ಜರಾ ಕಣ್ಣಿಡ್ರಿ" ಅಂತ ಕೂಗಿದ. ಟಣ್, ಇನ್ನೊಂದು ಹಳ್ಳು. ಕ್ಯಾಂಟೀನಿನವ ಬಂದು, "ಸಾಹೇಬ್ರಿಗೆ ಚಹಾ ಎಷ್ಟೊತ್ತಿಗೆ ಬೇಕಂತ ಕೇಳಿಡ್ರಿ" ಅಂದ. ಟಣ್.

ಆಮೇಲೆ ಸರಪಳಿ ಜಗ್ಗಿದರು. ಭೋಂಗಾ ಊದಿತು. ನನ್ನ ಎದೆಯ ಗೂಡು ಝುಮ್ಮೆಂದಿತು. ಊದು ಮುಗಿದ ಮೇಲೆ ಗಡಿಯಾರ ಕಿಸೆಗಿಟ್ಟು, ಎದ್ದು ನಿಂತು, ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

"ಸಲಾಂ ಅಕ್ಕೋರೆ! ಬರ್ರಿ, ಕುಂದ್ರಿ. ಏನೋ ಮಾತಾಡ್ಬೇಕಂದ್ರಿ?"

"ಆಗಲೇ ಕೇಳಿದ್ನಲ್ರಿ. ನೀವು ನೋಡ್ಲಿಲ್ಲ."

"ಮೊದ್ಲ ಭೋಂಗಾ, ಆಮ್ಯಾಲ ಸಲಾಂ. ನಮ್ ಕಾನೂನು ಹಂಗರಿ. ಆ ಹೊತ್ತಿನ್ಯಾಗ ಸಾಹೇಬ್ರು ಬಂದ್ರೂ ಅಷ್ಟ, ನಮ್ಮ ಅಳಿಯ ಬಂದ್ರೂ ಅಷ್ಟ. ಒಬ್ಬರ ಕೂಡ ಮಾತಿಗಿ ನಿಂತೆ ಅಂದ್ರ ಭೋಂಗಾ ಹೋತು."

"ಮತ್ತ ಈ ಹಳ್ಳು?"

"ಮಂದಿ ಕೆಲಸ ಹೇಳ್ತಾರಲ್ರಿ. ಇಲ್ಲ ಅಂತ ಹೆಂಗ ಅನ್ಲಿ? ಹಳ್ಳು ಹಾಕ್ತೀನಿ. ಬಿಳೀದು ಸೈಕಲ್ಲಿಂದು, ಕರೀದು ಚಹಾದ್ದು. ಭೋಂಗಾ ಆದ ಮ್ಯಾಲ ಒಂದೊಂದ ತೆಗಿತೀನಿ, ಒಂದೊಂದ ಕೆಲಸ ಮಾಡ್ತೀನಿ. ನಿಮ್ದು ಈ ನೀಲಿ ಫರಸಿ ಕಲ್ಲಿನ ಚೂರು ನೋಡ್ರಿ."

ಬಿ.ಎಸ್ಸಿ. ಓದಿದ ನನ್ನನ್ನು ಒಂದು ಫರಸಿ ಚೂರು ಮಾಡಿ ಡಬ್ಬಿಗೆ ಹಾಕಿದ್ದರು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ಟೂಲಿನ ಹಿಂದಿನ ಗೋಡೆ ಕಡೆ ಕಣ್ಣು ಹೋಯಿತು. ಇದ್ದಲಿಯಲ್ಲಿ ಬರೆದ ಉರ್ದು ಅಂಕಿ, ಸಾಲು ಸಾಲಾಗಿ, ಗೋಡೆ ತುಂಬ.

"ಇದೇನ್ರಿ ಚಾಚಾ?"

ಚಾಚಾ ಸ್ವಲ್ಪ ಸಂಕೋಚಪಟ್ಟರು. "ನಿಮ್ ಪೆಟ್ಟಿಗಿ ದಿನಾ ಎಷ್ಟ ತಡ ಮಾಡ್ತಿತ್ತು ಅಂತ ಬರದಿಟ್ಟೀನ್ರಿ. ಕೈ ಖಾಲಿ ಇತ್ತು. ಕೆಲಸ ಬೇಕಲ್ಲ?"

"ಎರಡು ತಿಂಗಳದ್ದು? ಮತ್ತ ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲೆವಾ? ಸರಪಳಿ ಹೋತಂತ ಮುದುಕ ಹೊಟ್ಟಿಕಿಚ್ಚಿಗಿ ಹೇಳ್ತಾನ ಅಂತೀರಿ. ಅದಕ್ಕ ಸುಮ್ನಿದ್ದೆ."

ಆ ಮಾತು ಕೇಳಿ ನನಗೆ ಭಾಳ ಕೆಟ್ಟನಿಸಿತು. ಹೌದು, ಹಾಗೇ ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ.

"ಓದಿ ಹೇಳ್ರಿ ಚಾಚಾ," ಅಂದೆ. ಅವರು ಬೆರಳಿಟ್ಟು ಓದುತ್ತ ಹೋದರು, ನಾನು ಕಾಗದದ ಮೇಲೆ ಬರೆದುಕೊಳ್ಳುತ್ತ ಹೋದೆ. ಶುಕ್ರವಾರ ಎಂಟು ಸೆಕೆಂಡು ಹೆಚ್ಚಿತ್ತು. ಶನಿವಾರ ಏಳು. ರವಿವಾರ...

"ರವಿವಾರ ಶನಿವಾರದಷ್ಟೇ ಅದರಿ. ಹೆಚ್ಚಾಗಿಲ್ಲ."

ಅದರ ಹಿಂದಿನ ರವಿವಾರ? ಅದೂ ಹೆಚ್ಚಾಗಿಲ್ಲ. ಅದರ ಹಿಂದಿನದು? ಅದೂ ಇಲ್ಲ. ತಿಂಗಳ ಕೊನೆಯ ಎರಡು ದಿನ ಮಾತ್ರ ಹದಿನೈದು, ಹದಿನೈದು ಸೆಕೆಂಡು.

ನಾನು ಎದ್ದು ನಿಂತೆ. ಹರಳು ಕೆಟ್ಟಿದ್ದರೆ ಅದಕ್ಕೆ ರವಿವಾರದ ರಜಾ ಯಾರು ಕೊಟ್ಟರು? ರವಿವಾರ ಆಫೀಸು ಬಂದ್. ಪ್ರಿಂಟರು ಬಂದ್. ತಿಂಗಳ ಕೊನೆಗೆ ರಿಪೋರ್ಟು ಉದ್ದ, ಪ್ರಿಂಟರಿಗೆ ಎರಡರಷ್ಟು ಕೆಲಸ. ಹರಳು ಚಲೋ ಇತ್ತು ನೋಡ್ರಿ. ಬಾಗಿಲಲ್ಲಿ ನಿಂತು ಹರಟೆ ಹೊಡೆಯುತ್ತಿದ್ದದ್ದು ನಾನು ಬರೆದ ಡ್ರೈವರು!

"ಚಾಚಾ, ನನ್ ನೌಕರಿ ಉಳಿಸಿದ್ರಿ!" ಅಂತ ಓಡಿದೆ. ಸೀರೆಯ ನೆರಿಗೆ ಹಿಡಿದು ಫ್ಯಾಕ್ಟರಿಯ ನಡುವೆ ಓಡುವ ಹೆಂಗಸನ್ನು ವಾಡಿ ಇನ್ನೂ ನೋಡಿರಲಿಲ್ಲ. ಅವತ್ತು ನೋಡಿತು.

ಕೋಣೆಗೆ ಬಂದು ಆ ಡ್ರೈವರಿನ ಪ್ರೋಗ್ರಾಂ ಪೂರಾ ಪ್ರಿಂಟ್ ತೆಗೆದು ನೆಲದ ಮೇಲೆ ಹಾಸಿದೆ. ಗೋಡೆಯಿಂದ ಗೋಡೆಗೆ ಬಂತು. ಒಂಬತ್ತು ಸಾಲಿನಲ್ಲಿ ಮುಗಿಯಬೇಕಾದದ್ದು ಹೀಗೆ ಊರಗಲ ಬೆಳೆದದ್ದು ಹೇಗೆ?

ಹೇಗೆ ಅಂದರೆ, ನನ್ನ ಕೋಣೆಯಲ್ಲಿ ಏರ್ ಕಂಡೀಶನ್ ಇದೆ. ಇಡೀ ಫ್ಯಾಕ್ಟರಿಯಲ್ಲಿ ಅಷ್ಟು ತಂಪು ಜಾಗ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಎಲ್ಲ ಸೆಕ್ಷನ್ನಿನವರೂ "ಅಕ್ಕೋರೆ, ಜರಾ ತಂಪಿಗಿ ಬಂದೆವ್ರಿ" ಅಂತ ಬರುತ್ತಾರೆ. ಬಂದವರು ಸುಮ್ಮನೆ ಕೂರುತ್ತಾರೆಯೇ? "ಈ ಗಡಿಯಾರದ ಪ್ರೋಗ್ರಾಂ ಹೆಂಗೂ ಸೆಕೆಂಡಿಗಿ ನೂರು ಸಲ ಏಳ್ತದಲ್ರಿ, ಅದರಾಗ ನಂದೊಂದು ಸಣ್ಣ ಕೆಲಸ ಸೇರಿಸಿಬಿಡ್ರಿ." ಪ್ಯಾಕಿಂಗಿನವರಿಗೆ ಚೀಲದ ಎಣಿಕೆ. ಭಟ್ಟಿಯವರಿಗೆ ಉಷ್ಣತೆ. ಲ್ಯಾಬಿನವರಿಗೆ ಕೆಂಪು ದೀಪ. ಆಫೀಸಿನವರಿಗೆ ರಿಪೋರ್ಟು.

ನಾವೇನು ಹೊಸದಾಗಿ ಕಲಿತದ್ದೇ ಇದನ್ನ? ಕಲಬುರ್ಗಿಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿ, ಗೊತ್ತಾಗುತ್ತದೆ. "ಹೆಂಗೂ ಹೊಂಟೀರಿ, ನಮ್ಮ ತಂಗಿಗೆ ಈ ಹಪ್ಪಳ ಕೊಡ್ರಿ." "ಹೆಂಗೂ ಹೊಂಟೀರಿ, ದವಾಖಾನ್ಯಾಗ ನಮ್ ಮಾವನ್ನ ನೋಡ್ಕೊಂಡು ಬರ್ರಿ." "ಹೆಂಗೂ ಹೊಂಟೀರಿ, ಎರಡು ಸೀರಿಗಿ ಮ್ಯಾಚಿಂಗ್ ಜಂಪರ್ ಪೀಸ್..." ಸಂಜೆ ಎಲ್ಲರ ಕೆಲಸ ಮಾಡಿ ವಾಪಸು ಬಂದಾಗ ನೆನಪಾಗುತ್ತದೆ, ನಾನು ಹೋದ ಕೆಲಸವೇ ಆಗಲಿಲ್ಲ!

ನಾನೂ ಯಾರಿಗೂ ಇಲ್ಲ ಅನ್ನಲಿಲ್ಲ. ಒಬ್ಬಳೇ ಹೆಂಗಸು, ಇಲ್ಲ ಅಂದರೆ "ಸೊಕ್ಕು" ಅಂತಾರೆ, "ಈಕಿಗಿ ಕೆಲಸ ಬರಂಗಿಲ್ಲ ಕಾಣ್ತದ" ಅಂತಾರೆ. ಎರಡೂ ಬೇಡ ಅಂತ ಎಲ್ಲರ ಕೆಲಸವನ್ನೂ ಎರಡು ತಟ್ಟುವಿಕೆಯ ನಡುವಿನ ಆ ಹತ್ತು ಮಿಲಿಸೆಕೆಂಡಿನ ತಲೆಯ ಮೇಲೆ ಹೊರಿಸಿದ್ದೆ. ಎಲ್ಲಕ್ಕಿಂತ ಕೆಟ್ಟದ್ದು ಪ್ರಿಂಟರು. ಅದು ಒಂದು ಸಾಲು ಹೊಡೆದು "ಮುಂದಿನದು ಕೊಡು" ಅನ್ನುವ ತನಕ ಗಡಿಯಾರದ ಪ್ರೋಗ್ರಾಂ ಕೈಕಟ್ಟಿ ಕಾಯುತ್ತಿತ್ತು. ಅಷ್ಟರಲ್ಲಿ ಹರಳು ಬಡಿದು ಬಡಿದು ಹೋಗಿರುತ್ತಿತ್ತು, ಪಾಪ. "ಕೇಳಿಸಿತು" ಅನ್ನುವ ಜವಾಬನ್ನೂ ನಾನು ಎಲ್ಲ ಕೆಲಸ ಮುಗಿದ ಮೇಲೆ, ಕಟ್ಟಕಡೆಗೆ ಇಟ್ಟಿದ್ದೆ.

ಗುರುವಾರ ಕಸ ಬಳಿಯಲು ಕೂತೆ. ಚಾಚಾನ ಕಾನೂನೇ ನನ್ನ ಕಾನೂನು. ಹರಳು ತಟ್ಟಿತೋ, ಮೊದಲು ಜವಾಬು, ಆಮೇಲೆ ಎಣಿಕೆ, ಆಮೇಲೆ ಯಾರಿಗೆ ಕೆಲಸ ಬಾಕಿ ಇದೆಯೋ ಅವರ ಹೆಸರಲ್ಲಿ ಒಂದು ಹಳ್ಳು. ಅಷ್ಟೇ, ವಾಪಸ್. ಕೆಲಸವನ್ನೆಲ್ಲ ಹೊರಗೆ, ಕಂಪ್ಯೂಟರಿಗೆ ಪುರಸೊತ್ತಾದಾಗ ಹಳ್ಳು ನೋಡಿ ಮಾಡುವ ಇನ್ನೊಂದು ಪ್ರೋಗ್ರಾಮಿಗೆ ಸಾಗಹಾಕಿದೆ. ಮೆಮೊರಿಯಲ್ಲಿ ಆ ಗುರುತು ಇಡುವ ಜಾಗಕ್ಕೆ "ಹಳ್ಳು" ಅಂತಲೇ ಹೆಸರಿಟ್ಟೆ. ಮುಂದೆ ಯಾವನಾದರೂ ಬೇರೆ ಊರಿನ ಎಂಜಿನಿಯರು ಬಂದು ಓದಿದರೆ ತಲೆ ಕೆರೆದುಕೊಳ್ಳಲಿ.

ಶುಕ್ರವಾರ ಶುರು ಮಾಡಿದೆ. ಗಡಿಯಾರ ಕುದುರೆಯಂಗೆ ಓಡಿತು! ಹನ್ನೊಂದಕ್ಕೆ ಬಿಟ್ಟದ್ದು ಒಂದು ತಾಸಿನಲ್ಲಿ ಒಂದು ಗಂಟೆ ತೋರಿಸಿತು. ಸ್ಟೇಷನ್ನಿಗೆ ಫೋನ್ ಮಾಡಿ ಟೈಮ್ ಕೇಳಿದರೆ ನಮ್ಮ ಮನೆಯವರು ಆ ಕಡೆಯಿಂದ ನಗುತ್ತಾರೆ. "ಹಿಂಗ ಬಿಟ್ರ ನಿಮ್ ಮಂದಿ ಗಾಡಿ ಹುಟ್ಟೋಕಿನ್ನ ಮೊದಲ ಸ್ಟೇಷನ್ನಿಗಿ ಬರ್ತಾರ ನೋಡು!" ನೋಡಿದರೆ, ಹೊರಗೆ ಸಾಗಹಾಕಿದ ಪ್ರಿಂಟರಿನ ಕೆಲಸದ ಜೊತೆ ಹಳೆಯ ಎಣಿಕೆಯ ಸಾಲೂ ಹೋಗಿ ಕೂತಿತ್ತು. ಒಂದೇ ತಟ್ಟುವಿಕೆಯನ್ನು ಇಬ್ಬರು ಎಣಿಸುತ್ತಿದ್ದರು. ಅದನ್ನು ಕಿತ್ತು ಹಾಕಿದೆ. ಗಡಿಯಾರದ ಡ್ರೈವರಿನಲ್ಲಿ ಈಗ ಉಳಿದದ್ದು ಒಂಬತ್ತು ಸಾಲು. ಸ್ನಾನ ಮಾಡಿದ ಕೂಸಿನಂಗೆ ಕಾಣುತ್ತಿತ್ತು. ಗಡಿಯಾರ ಹೊಂದಿಸಿ, ಬೇಕಂತಲೇ ಪ್ರಿಂಟರಿಗೆ ತಿಂಗಳ ರಿಪೋರ್ಟು ಹತ್ತು ಸಲ ಹೊಡೆಯಲು ಹಚ್ಚಿ ಮನೆಗೆ ಹೋದೆ.

ಶನಿವಾರ. ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಗೇಟಿನ ಮುಂದೆ ಜಾತ್ರೆ ಕೂಡಿದಂಗೆ ಜನ. ಮ್ಯಾನೇಜರು ತಮ್ಮ ಫಾರಿನ್ ಗಡಿಯಾರ ನೋಡುತ್ತ ನಿಂತಿದ್ದರು. ಗೇಟಿನ ಫೋನಿನಲ್ಲಿ ಆ ಕಡೆ ನಮ್ಮ ಮನೆಯವರು. ಭೋಂಗಾದ ತಂತಿ ತಿರುಗಿ ಕಂಪ್ಯೂಟರಿಗೆ. ಚಾಚಾ ಸರಪಳಿ ಬಿಟ್ಟು ದೂರ ನಿಂತಿದ್ದರು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಚಾಚಾ, ಇದು ಸರಿ ಆದ್ರ ನಿಮ್ ಕೈಯಿಂದ ಸರಪಳಿ ಮತ್ತ ಹೋಗ್ತದ. ಗೊತ್ತಿದ್ದೂ ನನಗ ಯಾಕ ಗೋಡಿ ಓದಿ ಹೇಳಿದ್ರಿ?"

"ಈ ಭುಜ ನೋಡ್ರಿ," ಅಂದರು ಚಾಚಾ. "ಇಪ್ಪತ್ತೆರಡು ವರ್ಷ ಜಗ್ಗಿ ಜಗ್ಗಿ ಮ್ಯಾಲ ಏಳಂಗಿಲ್ಲ. ನಿಮ್ ಪೆಟ್ಟಿಗಿ ಜಗ್ಗಲಿ, ನನಗೇನು ಬ್ಯಾಸರ? ನಮ್ ಭೋಂಗಾ ಸುಳ್ಳು ಹೇಳಬಾರ್ದು ಅಷ್ಟ."

ನಾನು ಫೋನಿನ ಬಳಿ ಹೋದೆ. ನಮ್ಮ ಮನೆಯವರು ಎಣಿಸುತ್ತಿದ್ದರು. "ಐವತ್ತಾರು... ಐವತ್ತೇಳು... ಐವತ್ತೆಂಟು..." ಮ್ಯಾನೇಜರು ಮಾತ್ರ ತಮ್ಮ ಗಡಿಯಾರ ತೋರಿಸಿ, "ಆಗಲೇ ಎರಡು ಗಂಟೆ ಒಂದು ನಿಮಿಷ ಆಯ್ತಲ್ರೀ, ಎಲ್ಲಿ ನಿಮ್ಮ ಸೈರನ್ನು?" ಅಂದರು.

"ಐವತ್ತೊಂಬತ್ತು..."

ಭೋಂಗಾ ಊದಿತು. ನಿಜವಾಗಿ, ದೇವರಾಣೆ, ನಮ್ಮ ಮನೆಯವರ ಬಾಯಿಂದ "ಅರವತ್ತು" ಹೊರಬರುವುದಕ್ಕೂ ಅದಕ್ಕೂ ಕೂದಲೆಳೆಯ ಸಂದು ಇರಲಿಲ್ಲ.

ಮ್ಯಾನೇಜರ ಗಡಿಯಾರ ತಪ್ಪು ಅಂತ ಯಾರು ಹೇಳಬೇಕು? ಚಾಚಾ ಮುಂದೆ ಬಂದು, ಕಿಸೆಯ ಗಡಿಯಾರ ತೆರೆದು ಎರಡೂ ಕೈಯಲ್ಲಿ ಹಿಡಿದರು. "ಸಾಹೇಬ್ರೆ, ಭೋಂಗಾ ಬರೋಬ್ಬರ್ ಅದರಿ. ನಿಮ್ದು ಒಂದು ನಿಮಿಷ ಮುಂದ ಅದ."

ಮ್ಯಾನೇಜರು ಚಾಚಾರನ್ನು ನೋಡಿದರು, ಗಡಿಯಾರ ನೋಡಿದರು, ಆಮೇಲೆ ಸುಮ್ಮನೆ ತಮ್ಮದರ ಕಿವಿ ತಿರುವಿ ಒಂದು ನಿಮಿಷ ಹಿಂದಿಟ್ಟುಕೊಂಡರು. ಗೇಟೇ ಹಾರಿಹೋಗುವಂಗೆ ಜನ ಕೂಗಿದರು. "ಅಕ್ಕೋರೆ, ಶಾಭಾಸ್ ರಿ!" ಅಂತ ಬುತ್ತಿ ಡಬ್ಬಿ ಬಡಿಯುತ್ತ ಸ್ಟೇಷನ್ನಿನ ಕಡೆ ಓಡಿದರು. ಫೋನಿನಲ್ಲಿ ನಮ್ಮ ಮನೆಯವರು "ಏನಾತು? ಏನಾತು ಹೇಳ?" ಅಂತ ಒಂದೇ ಸಮ ಕೂಗುತ್ತಿದ್ದರು. ನಾನು ಫೋನನ್ನು ಆ ಗದ್ದಲದ ಕಡೆ ಹಿಡಿದೆ. ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. (ಅವರು ಈ ಅಂಕಣ ಓದುವುದಿಲ್ಲ, ಧೈರ್ಯವಾಗಿ ಬರೆದಿದ್ದೇನೆ.)

ಮ್ಯಾನೇಜರು ಚಾಚಾರನ್ನೂ ನನ್ನನ್ನೂ ಕರೆದುಕೊಂಡು ಕಂಪ್ಯೂಟರ್ ಕೋಣೆಗೆ ಬಂದರು. ಚಹಾ ಬಂತು. "ಇನ್ನು ದಿನಾ ಮೌಲಾಸಾಬ್ ಅವರು ನಿಮ್ಮ ಗಡಿಯಾರ ಚೆಕ್ ಮಾಡಿ ಸಹಿ ಹಾಕಲಿ," ಅಂದರು. "ಇಲ್ಲಿ, ಈ ತಂಪಿನಲ್ಲೇ ಕೂತು." ಚಾಚಾ ಗಡ್ಡದೊಳಗೇ ನಕ್ಕರು. ಸಾಹೇಬರು ಕುರ್ಚಿಗೆ ಒರಗಿ ಕಾಲು ಚಾಚಿದರು.

"ಭೇಷ್ ಕಣ್ರೀ. ಅಂದ ಹಾಗೆ... ನಮ್ಮ ಬಂಗಲೆ ತೋಟಕ್ಕೆ ನೀರು ಬಿಡೋ ಮೋಟರ್ ಇದೆಯಲ್ಲ? ಒಂದು ವೈರ್ ಎಳೆಸಿಬಿಡ್ತೀನಿ. ಹೇಗೂ ನಿಮ್ಮ ಗಡಿಯಾರದ ಪ್ರೋಗ್ರಾಂ ಸೆಕೆಂಡಿಗೆ ನೂರು ಸಲ ಏಳುತ್ತಲ್ಲ, ಅದರಲ್ಲೇ ಇದೊಂದು ಸಣ್ಣ ಕೆಲಸ..."

ನಾನು ಕಪ್ಪು ಕೆಳಗಿಟ್ಟೆ. ಎದುರಿಗೆ ಕೂತವರು ಮ್ಯಾನೇಜರು. ಈಗಷ್ಟೇ ನನ್ನ ನೌಕರಿ ಉಳಿಸಿದವರು. ನಾಲಿಗೆಯ ತುದಿಗೆ "ಆಯ್ತು ಸರ್" ಬಂದು ಕೂತಿತ್ತು. ರೂಢಿ ನೋಡ್ರಿ.

"ಇಲ್ಲ ಸರ್," ಅಂದೆ. "ಅದರೊಳಗ ಇನ್ನೇನೂ ಹಾಕಂಗಿಲ್ಲ."

ಚಾಚಾ ಬಸಿಯಲ್ಲಿದ್ದ ಚಹಾ ಕುಡಿಯುವುದನ್ನೇ ನಿಲ್ಲಿಸಿದರು. ಮ್ಯಾನೇಜರು ನನ್ನ ಮುಖವನ್ನೇ ನೋಡಿದರು.

"ಸರಿ ಬಿಡಿ," ಅಂದರು ಅವರು. "ಮಾಲಿ ಇದ್ದಾನಲ್ಲ, ಅವನೇ ಹಾಕ್ತಾನೆ." ಇನ್ನೊಂದು ಬಿಸ್ಕೀಟು ತಗೊಂಡರು.

ಇಷ್ಟೇನಾ? ನಾಲ್ಕು ವರ್ಷ ನಾನು ಅಂಜಿದ್ದು ಇಷ್ಟಕ್ಕೇನಾ? ಆಕಾಶ ಬೀಳಲಿಲ್ಲ, ಯಾರೂ ಸೊಕ್ಕು ಅನ್ನಲಿಲ್ಲ, ಬಿಸ್ಕೀಟು ಕೂಡ ತಟ್ಟೆಯಲ್ಲಿ ಉಳಿಯಲಿಲ್ಲ.

ಈ ಎರಡಕ್ಷರದ ಮಾತು ಕಲಿಯಲು ನನಗೊಂದು ಕಂಪ್ಯೂಟರ್ ಬೇಕಾಯಿತು. ನಿಮಗೆ ಏನು ಬೇಕ್ರಿ?